ಕೂಸು ಹುಟ್ಟುವ ಮುಂಚೆ ಹೆಣೆದ ಕುಲಾವಿ: ಮುಗಿಸಲಾ, ಬಿಚ್ಚಲಾ?

ಅರ್ಧಕುಲಾವಿ:

ಎಲ್ಲರಿಗೂ ನಮಸ್ಕಾರ. ಎರಡು ತಿಂಗಳಿಂದ ಇಲ್ಲಿ ಸುಮ್ಮನೆ ಓದಿಕೊಂಡು ಹೋಗ್ತಿದ್ದೆ. ಇವತ್ತು ಬರೆಯೋ ಧೈರ್ಯ ಮಾಡಿದ್ದೀನಿ. ಉದ್ದ ಆಗಬಹುದು, ಬೇಜಾರು ಮಾಡ್ಕೋಬೇಡಿ.

ಏಳು ತಿಂಗಳ ಹಿಂದೆ, 24ನೇ ವಾರದಲ್ಲಿ, ನಮ್ಮ ಮಗಳು ಹೊಟ್ಟೆಯಲ್ಲೇ ತೀರಿಕೊಂಡಳು. ಆದರೂ ಹೆರಿಗೆ ಆಗಲೇಬೇಕಲ್ಲ, ಆಯ್ತು. 610 ಗ್ರಾಂ, 31 ಸೆಂ.ಮೀ. ಈ ಎರಡು ಅಂಕಿಗಳನ್ನ ನರ್ಸ್ ಒಬ್ಬರು ಚೀಟಿಯಲ್ಲಿ ಬರೆದು ನನ್ನ ಕೈಗಿಟ್ಟರು. ನಾನು ಕೇಳಿರಲಿಲ್ಲ. ಅವರಿಗೆ ಯಾಕೆ ಹಾಗನ್ನಿಸಿತೋ ಗೊತ್ತಿಲ್ಲ. ಮಗಳು ಅಂತ ನನ್ನ ಹತ್ತಿರ ಇರೋ ಕಾಗದ ಅದೊಂದೇ. ಮೂರನೇ ದಿನ ಹಾಲು ಬಂತು. ಬರುತ್ತೆ ಅಂತ ಯಾರೂ ಒಂದು ಮಾತು ಹೇಳಿರಲಿಲ್ಲ. ಸ್ನಾನಕ್ಕೆ ಹೋದವಳು ಬಕೆಟ್ ಮುಂದೆ ನಿಂತು ಏನಿದು ಅಂತ ನೋಡ್ತಾ ಇದ್ದೆ.

ವಿಷಯಕ್ಕೆ ಬರ್ತೀನಿ. ಐದನೇ ತಿಂಗಳಲ್ಲಿ ಅವಳಿಗೆ ಅಂತ ಒಂದು ಕುಲಾವಿ ಹೆಣೆಯೋಕೆ ಶುರು ಮಾಡಿದ್ದೆ. ಅರಿಶಿನ ಬಣ್ಣದ ಉಲ್ಲನ್, ಎರಡು ಕಡ್ಡಿ, 72 ಕುಣಿಕೆ. 19 ಸಾಲು ಆಗಿತ್ತು. ಆಸ್ಪತ್ರೆಗೆ ಹೊರಟ ರಾತ್ರಿ 20ನೇ ಸಾಲಿನ ನಡುವೆ ಕಡ್ಡಿ ಬಿಟ್ಟು ಎದ್ದವಳು ನಾನು. ಯಾರೋ ಅದನ್ನ ಹಾಗೇ ಚೀಲಕ್ಕೆ ತುಂಬಿ ಬೀರು ಮೇಲೆ ಇಟ್ಟಿದ್ದರು.

ಜನ ಏನೇನು ಹೇಳ್ತಾರೆ ಅಂತ ನಿಮಗೆಲ್ಲ ಗೊತ್ತು. "ಇನ್ನೂ ವಯಸ್ಸಿದೆ." "ಬೆಳೆದ ಮೇಲೆ ಹೋಗಿದ್ರೆ ಇನ್ನೂ ಕಷ್ಟ ಆಗ್ತಿತ್ತು." ಅದೆಲ್ಲ ಕಿವಿ ಮೇಲೇ ಜಾರಿ ಹೋಗುತ್ತೆ ಈಗ. ನನ್ನನ್ನ ನಿಜವಾಗಿ ಬೀಳಿಸಿದ್ದು ಒಂದು ಗಾದೆ. ಆಫೀಸಿನ ಮೀಟಿಂಗ್‌ನಲ್ಲಿ, ಇನ್ನೂ ಸಹಿಯಾಗದ ಯಾವುದೋ ಕೆಲಸಕ್ಕೆ ಜನರನ್ನ ಹಂಚ್ತಾ ಇದ್ದರು. ಒಬ್ಬರು ನಕ್ಕೊಂಡು, "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ ಹಾಗಾಯ್ತು" ಅಂದರು. ಪಾಪ, ಅವರಿಗೇನು ಗೊತ್ತು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಪಾರ್ಕಿಂಗ್‌ನಲ್ಲಿ ಮುಕ್ಕಾಲು ಗಂಟೆ ಗಾಡಿ ಚಾಲು ಮಾಡದೆ ಕೂತಿದ್ದೆ. ಆ ಗಾದೆ ಮಾಡಿದವರಿಗೆ ನಾನು ಗೊತ್ತಿದ್ದೆನೇನೋ ಅನ್ನಿಸಿತು. ಮುಂಚೇನೇ ಹೆಣೆದದ್ದಕ್ಕೇ ಹೀಗಾಯ್ತಾ? ದಡ್ಡತನದ ಪ್ರಶ್ನೆ ಅಂತ ಗೊತ್ತು. ರಾತ್ರಿ ಎರಡು ಗಂಟೆಗೆ ಅದು ದಡ್ಡತನ ಅನ್ನಿಸಲ್ಲ.

ಆಪ್ತಸಮಾಲೋಚಕಿ ಒಬ್ಬರ ಹತ್ತಿರ ಹೋಗ್ತಿದ್ದೀನಿ. ಒಳ್ಳೆಯವರು. "ನಿಮ್ಮೊಳಗಿರೋದನ್ನ ಏನಾದರೂ ಸೃಜನಶೀಲವಾಗಿ ಹೊರಗೆ ಹಾಕಿ, ಅದರಲ್ಲಿ ಒಂದು ಅರ್ಥ ಸಿಗುತ್ತೆ" ಅಂದರು. ಸರಿ ಅಂತ ಬಣ್ಣ ತಂದೆ. ಕುಂಚ ಒದ್ದೆ ಮಾಡಿದ್ದಷ್ಟೇ. ಮಗಳಿಗೆ ಪತ್ರ ಬರೆಯೋಕೆ ಕೂತೆ. ಮೊದಲ ಪದದಲ್ಲೇ ನಿಂತೆ, ಯಾಕಂದ್ರೆ ಹೆಸರೇ ಇಟ್ಟಿರಲಿಲ್ಲ. "ಪುಟ್ಟೀ" ಅಂತ ಬರೆದು, ಹೊಡೆದು ಹಾಕಿ, ಮತ್ತೆ ಬರೆದು, ಪುಸ್ತಕ ಮುಚ್ಚಿದೆ.

ಹೋದ ಭಾನುವಾರ ಆ ಚೀಲ ಇಳಿಸಿದೆ. ಯಾಕೆ ಅಂತ ಕೇಳಬೇಡಿ. ನಿಂತಿದ್ದ ಸಾಲು ಮುಗಿಸಿದೆ, ಇನ್ನೊಂದು ಸಾಲು ಹಾಕಿದೆ. ಎಷ್ಟು ಹೊತ್ತಾಯ್ತೋ, ತಲೆ ಎತ್ತಿ ನೋಡಿದಾಗ ಗೊತ್ತಾಯ್ತು, ನಾನು ಯಾವುದೋ ಹಾಡು ಗುನುಗ್ತಾ ಇದ್ದೆ. ಏಳು ತಿಂಗಳಲ್ಲಿ ಮೊದಲ ಸಲ. ತಕ್ಷಣ ಯಾರೋ ಕೆನ್ನೆಗೆ ಹೊಡೆದ ಹಾಗಾಯ್ತು. ಅವಳಿಲ್ಲ, ನಾನು ಅವಳ ಕುಲಾವಿ ಹಿಡಿದು ಹಾಡ್ತಾ ಇದ್ದೀನಿ.

ಈಗ 21 ಸಾಲಲ್ಲಿ ನಿಂತಿದೆ. ಇವರು ಮುಗಿಸು ಅಂತಾರೆ. ಮುಗಿಸಿದ್ರೆ ಅವಳ ವಿಷಯಾನೂ ಮುಗಿದ ಹಾಗೆ ಅನ್ನೋ ಭಯ ನನಗೆ. ಬಿಚ್ಚಿದ್ರೆ ಅವಳು ಇರಲೇ ಇಲ್ಲ ಅಂದ ಹಾಗೆ. ನಿಮ್ಮಲ್ಲಿ ಯಾರಾದರೂ ಹೀಗೆ ಏನಾದರೂ ಮಾಡಿದ್ದೀರಾ? ಅರ್ಥ ಗಿರ್ಥ ಸಿಕ್ಕಿತಾ? ಸುಳ್ಳು ಸಮಾಧಾನ ಬೇಡ.

ಮಣ್ಣುಕೈ:

ತಂಗೀ, ನೀನು ಅಂತಲೇ ಕರೀತೀನಿ, ನಂಗೆ ಐವತ್ತರ ಹತ್ತಿರ.

11 ವರ್ಷ ಆಯ್ತು. 38 ವಾರ, ಗಂಡುಮಗು, 2 ಕಿಲೋ 700 ಗ್ರಾಂ. ಮೊದಲ ವರ್ಷ ನಾನು ಏನೂ ಮಾಡಲಿಲ್ಲ, ಗೋಡೆ ನೋಡಿದೆ. ಎರಡನೇ ವರ್ಷ ಸಂಜೆ ಹೊತ್ತು ಕುಂಬಾರಿಕೆ ಕಲಿಯೋಕೆ ಸೇರಿದೆ. ದುಃಖಕ್ಕೆ ಅಂತಲ್ಲ, ಆ ಹೊತ್ತಲ್ಲಿ ಮನೇಲಿರೋಕೆ ಆಗ್ತಿರಲಿಲ್ಲ, ಅದಕ್ಕೆ.

ನನಗೆ ಒಂದೇ ಕಾಡ್ತಿತ್ತು. ತೋಳಿಗೆ ಏನೋ ಕಡಿಮೆ. ಎತ್ತಿಕೊಳ್ಳೋಕೆ ಅಂತ ಸಿದ್ಧವಾಗಿದ್ದ ಕೈಗಳು ಎತ್ತಿಕೊಳ್ಳೋದೇನೂ ಇಲ್ಲದೆ ನೋಯ್ತಿದ್ದವು, ನಿಜವಾಗಲೂ ನೋಯ್ತಿದ್ದವು. ಒಂದಿನ ಯಾರಿಗೂ ಹೇಳದೆ ತಕ್ಕಡಿ ಮೇಲೆ ಮಣ್ಣು ಇಟ್ಟು ಸರಿಯಾಗಿ 2700 ಗ್ರಾಂ ತೂಗಿದೆ. ದಪ್ಪ ಅಂಚಿನ ಒಂದು ಪಾತ್ರೆ ಮಾಡಿದೆ, ಮಡಿಲಲ್ಲಿ ಕೂರೋ ಹಾಗೆ. ಒಣಗಿಸಿ, ಸುಟ್ಟು, ಹೊರಗೆ ತೆಗೆದು ತೂಗಿದ್ರೆ 2 ಕಿಲೋ ಚಿಲ್ಲರೆ. ಹಸಿ ಮಣ್ಣಲ್ಲಿ ನೀರಿರುತ್ತೆ ಅಂತ ಗೊತ್ತಿತ್ತು, ಆದರೆ ಒಣಗಿ ಸುಟ್ಟಮೇಲೆ ಹೆಚ್ಚೂಕಡಿಮೆ ಕಾಲು ಭಾಗ ತೂಕ ಹೋಗುತ್ತೆ ಅನ್ನೋದು ಆವತ್ತು ಹೊಳೆದಿರಲಿಲ್ಲ. ಮತ್ತೆ ಕಡಿಮೆ! ಮಣ್ಣು ಸುಡೋ ಒಲೆ ಮುಂದೆ ನೆಲದಲ್ಲಿ ಕೂತು ಅತ್ತೆ. ಕಲಿಸೋ ಮೇಷ್ಟ್ರು ಪಾತ್ರೆ ಬಿರುಕು ಬಿಟ್ಟಿರಬೇಕು ಅಂದ್ಕೊಂಡು ಸಮಾಧಾನ ಮಾಡಿದರು.

ಎರಡನೇದು ಅವಸರಕ್ಕೆ ಸರಿಯಾಗಿ ಒಣಗಿಸದೆ ಒಲೆಗೆ ಇಟ್ಟೆ, ಒಳಗಿನ ನೀರು ಆವಿಯಾಗಿ ಸಿಡಿದು ಮೂರು ಹೋಳಾಯ್ತು. ಮೂರನೇದಕ್ಕೆ ಲೆಕ್ಕ ಹಾಕಿ 3 ಕಿಲೋ 600 ಗ್ರಾಂ ಮಣ್ಣು ತಗೊಂಡೆ. ಮೂರು ವಾರ ಬಟ್ಟೆ ಮುಚ್ಚಿ ನಿಧಾನಕ್ಕೆ ಒಣಗಿಸಿದೆ. 2 ಕಿಲೋ 690 ಬಂತು. ಹತ್ತು ಗ್ರಾಂ ಬಿಟ್ಟುಕೊಟ್ಟೆ.

ಅರ್ಥ ಸಿಕ್ತಾ ಅಂದ್ಯಲ್ಲ. ನನ್ನ ಮಗ ಯಾಕೆ ಸತ್ತ ಅನ್ನೋದಕ್ಕೆ ಆ ಪಾತ್ರೆ ಏನೂ ಹೇಳಲಿಲ್ಲ. ಆದರೆ ತೋಳಿನ ನೋವು ನಿಂತಿತು. ಅದನ್ನ ಏನಂತ ಕರೀಬೇಕೋ ನೀನೇ ಕರಿ.

ನಿನ್ನ ಬರಹ ಎರಡು ಸಲ ಓದಿದೆ. ಒಂದು ಕಡೆ ಸಿಕ್ಕಿಕೊಂಡೆ. 72 ಕುಣಿಕೆ ಯಾರ ತಲೆಗೆ ತಾಯಿ? ಅದು ಒಂಬತ್ತು ತಿಂಗಳು ತುಂಬಿ ಹುಟ್ಟೋ ಮಗುವಿನ ಅಳತೆ. ನಿನ್ನ ಮಗಳು 31 ಸೆಂ.ಮೀ. ಇದ್ದವಳು. ನೀನು ಮುಗಿಸೋಕೆ ಒದ್ದಾಡ್ತಿರೋದು ಅವಳ ಕುಲಾವಿ ಅಲ್ಲವೇ ಅಲ್ಲ, ಅವಳು ಆಗಬೇಕಿದ್ದವಳ ಕುಲಾವಿ. ಯೋಚನೆ ಮಾಡು. ತಪ್ಪಾಗಿ ಹೇಳಿದ್ರೆ ಬೈದುಬಿಡು.

ಇನ್ನೊಂದು. ಏನೇ ಮಾಡಿದರೂ ಕೆಲವು ದಿನ ಫೋಟೋ ಹಾಕಬೇಡ. ಚೆನ್ನಾಗಿದೆ ಅಂತ ಯಾರೋ ಅಂದ ಕೂಡಲೇ ಅದು ಬೇರೆ ವಸ್ತು ಆಗಿಬಿಡುತ್ತೆ.

ಹನ್ನೊಂದು_ವಾರದ_ಅಪ್ಪ:

ಗಂಡಸರು ಇಲ್ಲಿ ಕಡಿಮೆ ಬರೀತಾರೆ. ನಾನೂ ಹೆಚ್ಚು ಬರೆಯಲ್ಲ.

ನಮ್ಮದು 11 ವಾರಕ್ಕೆ ಹೋಯಿತು. ಉಳಿದದ್ದು ಒಂದು ಸ್ಕ್ಯಾನ್ ಚಿತ್ರ. ಮಾಸದೆ ಇರಲಿ ಅಂತ ಲ್ಯಾಮಿನೇಷನ್‌ಗೆ ಕೊಟ್ಟೆ. ಸ್ಕ್ಯಾನ್ ಚಿತ್ರ ಅಚ್ಚಾಗೋದು ಥರ್ಮಲ್ ಕಾಗದದ ಮೇಲೆ, ಅಂಗಡಿ ರಸೀದಿ ಥರ, ಶಾಖ ತಗುಲಿದರೆ ಕಪ್ಪಾಗುತ್ತೆ. ನನಗೆ ಗೊತ್ತಿರಲಿಲ್ಲ. ಯಂತ್ರದ ಆ ಕಡೆಯಿಂದ ಪೂರ್ತಿ ಕಪ್ಪು ಹಾಳೆ ಹೊರಗೆ ಬಂತು. ಅಂಗಡಿಯ ಹುಡುಗ "ಸಾರ್, ಇನ್ನೊಂದು ಕಾಪಿ ಇದೆಯಾ?" ಅಂದ.

ಹೆಂಡತಿಗೆ ಎರಡು ವಾರ ಹೇಳಲಿಲ್ಲ. ಆ ಎರಡು ವಾರ ರಾತ್ರಿ ಕೂತು ನೆನಪಿನಿಂದ ಪೆನ್ಸಿಲ್ಲಲ್ಲಿ ಬಿಡಿಸ್ತಾ ಇದ್ದೆ. ನನಗೆ ಚಿತ್ರಕಲೆ ಬರಲ್ಲ. ಬೀಸಣಿಗೆ ಆಕಾರದ ಬೂದು ಬಣ್ಣ, ಮಧ್ಯೆ ಕಪ್ಪು ಚೀಲ, ಅದರ ಎಡಕ್ಕೆ ಸ್ವಲ್ಪ ಬಾಗಿದ ಬಿಳಿ. ಬಾಗಿದ್ದು ಎಡಕ್ಕೋ ಬಲಕ್ಕೋ ಅಂತ ಒಂದು ರಾತ್ರಿ ಪೂರ್ತಿ ಜಗಳ ಆಡಿದೆ, ನನ್ನ ಜೊತೆ ನಾನೇ. ಕೊನೆಗೆ ತೋರಿಸಿದಾಗ ಅವಳು ಬೈಯಲಿಲ್ಲ. ಪೆನ್ಸಿಲ್ ತಗೊಂಡು ಒಂದು ಕಡೆ ತಿದ್ದಿದಳು. ಬಲಕ್ಕೆ ಬಾಗಿತ್ತಂತೆ.

ಮಗು ಹೋದ ಮೇಲೆ ನಾವಿಬ್ಬರೂ ಅದರ ಬಗ್ಗೆ ಮಾತಾಡಿದ ಮೊದಲ ರಾತ್ರಿ ಅದು. ಈಗ ಪ್ರತಿ ಅಕ್ಟೋಬರ್ 15ಕ್ಕೆ ಒಂದೊಂದು ಬಿಡಿಸ್ತೀವಿ. ಗರ್ಭದಲ್ಲೋ ಹಸುಳೆಯಾಗೋ ಹೋದ ಮಕ್ಕಳ ನೆನಪಿಗೆ ಬೇರೆ ಬೇರೆ ದೇಶಗಳಲ್ಲಿ ಆ ಸಂಜೆ 7ಕ್ಕೆ ದೀಪ ಹಚ್ಚುತ್ತಾರೆ. ನಾವು ಪೆನ್ಸಿಲ್ ಚೂಪು ಮಾಡ್ತೀವಿ. ಒಂದು ಇನ್ನೊಂದರ ಹಾಗಿಲ್ಲ.

ಇದನ್ನ ಓದ್ತಿರೋ ಯಾರ ಹತ್ತಿರವಾದರೂ ಸ್ಕ್ಯಾನ್ ಚಿತ್ರ ಇದ್ದರೆ ಇವತ್ತೇ ಮೊಬೈಲಲ್ಲಿ ಫೋಟೋ ತೆಗೆದಿಡಿ. ಬಿಸಿಲಿಗೆ ಇಡಬೇಡಿ. ಸುಮ್ಮನೆ ಬಿಟ್ಟರೂ ವರ್ಷಗಳಲ್ಲಿ ಮಾಸುತ್ತೆ.

ರಾತ್ರಿಪಾಳಿ:

ನಾನು ನವಜಾತ ಶಿಶುಗಳ ವಾರ್ಡ್‌ನಲ್ಲಿ ಕೆಲಸ ಮಾಡೋಳು. ಒಂದೆರಡು ವಿಷಯ ಮಾತ್ರ.

ಮೊದಲನೇದು ರಾತ್ರಿ ಎರಡು ಗಂಟೆಯ ಪ್ರಶ್ನೆಗೆ. ಕುಲಾವಿ ಹೆಣೆದದ್ದಕ್ಕೆ ಯಾವ ಮಗುವೂ ಹೋಗಲ್ಲ. ಮಾಸು, ಹೊಕ್ಕುಳಬಳ್ಳಿ, ಸೋಂಕು, ತಾಯಿಯ ರಕ್ತದೊತ್ತಡ, ಮಗುವಿನ ವರ್ಣತಂತು, ಹೀಗೆ ಕಾರಣಗಳಿರ್ತವೆ, ಎಷ್ಟೋ ಸಲ ಎಲ್ಲ ಪರೀಕ್ಷೆ ಮಾಡಿದರೂ ಕಾರಣ ಸಿಗಲ್ಲ. ಸಿಗದೇ ಇದ್ದಾಗಲೇ ತಾಯಂದಿರು ತಮ್ಮ ಮೇಲೆ ಹಾಕಿಕೊಳ್ಳೋದು. ಮಾಳಿಗೆ ಹತ್ತಿದ್ದಕ್ಕೆ, ಕೋಪ ಮಾಡಿಕೊಂಡದ್ದಕ್ಕೆ, ಹೆಣೆದದ್ದಕ್ಕೆ. ಇದನ್ನ ನಾನು ಎಷ್ಟು ಬಾಯಲ್ಲಿ ಕೇಳಿದ್ದೀನೋ ಲೆಕ್ಕ ಇಲ್ಲ.

ಹಾಲಿನ ವಿಷಯ ನಿಮಗೆ ಮೊದಲೇ ಹೇಳಬೇಕಿತ್ತು. ಸುಮಾರು 16 ವಾರ ದಾಟಿದ ಮೇಲೆ ದೇಹ ಹಾಲಿಗೆ ತಯಾರಾಗಿರುತ್ತೆ. ಮಾಸು ಹೊರಗೆ ಬಂದ ಕೂಡಲೇ, ಅಲ್ಲಿವರೆಗೆ ಹಾಲನ್ನ ತಡೆದಿಟ್ಟಿದ್ದ ಪ್ರೊಜೆಸ್ಟರಾನ್ ಅನ್ನೋ ಹಾರ್ಮೋನ್ ಇಳಿಯುತ್ತೆ, ಎರಡು ಮೂರು ದಿನಕ್ಕೆ ಹಾಲು. ಮಗು ಇದೆಯೋ ಇಲ್ಲವೋ ದೇಹಕ್ಕೆ ಯಾರೂ ಹೇಳಿರಲ್ಲ.

ಪತ್ರ ಬರೆಯೋಕೆ ಮತ್ತೆ ಕೂರೋದಾದ್ರೆ: 1986ರಲ್ಲಿ ಜೇಮ್ಸ್ ಪೆನ್ನೆಬೇಕರ್ ಅನ್ನೋ ಮನಃಶಾಸ್ತ್ರಜ್ಞರು ತಮ್ಮ ಜೊತೆಗಾರರೊಬ್ಬರ ಜೊತೆ ಸೇರಿ ಕಾಲೇಜು ವಿದ್ಯಾರ್ಥಿಗಳಿಂದ ಅವರ ಬದುಕಿನ ದೊಡ್ಡ ಆಘಾತದ ಬಗ್ಗೆ ಬರೆಸಿದ್ದರು. ದಿನಕ್ಕೆ 15 ನಿಮಿಷ, ನಾಲ್ಕು ದಿನ, ಅಷ್ಟೇ. ನಡೆದದ್ದನ್ನೂ ಅನಿಸಿದ್ದನ್ನೂ ಎರಡನ್ನೂ ಬರೆದವರು ಮುಂದಿನ ತಿಂಗಳುಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ಆದರೆ ಜನ ಮರೆಯೋ ಅರ್ಧ ಇದು: ಬರೆದ ಕೂಡಲೇ ಅವರಿಗೆ ಇನ್ನೂ ಬೇಜಾರಾಗಿತ್ತು. ಹಾಗಾಗಿ ಬರೆದು ಮುಗಿಸಿದಾಗ ಹಗುರ ಆಗಲಿಲ್ಲ ಅಂದ್ರೆ ನೀವು ತಪ್ಪು ಮಾಡಿದ್ರಿ ಅಂತಲ್ಲ. ಹೆಸರಿಲ್ಲದೇ ಇದ್ರೆ "610 ಗ್ರಾಂ" ಅಂತ ಶುರು ಮಾಡಿ.

ನಿದ್ದೆ ಇಲ್ಲ, ಊಟ ಸೇರಲ್ಲ, ಬದುಕೋದೇ ಬೇಡ ಅನ್ನಿಸ್ತಿದೆ ಅಂದ್ರೆ ಆಗ ಕಡ್ಡಿ, ಕುಂಚ ಸಾಲಲ್ಲ. ಹೆರಿಗೆ ಆದಮೇಲಿನ ಖಿನ್ನತೆ ಗುರುತಿಸೋಕೆ ಎಡಿನ್‌ಬರೋ ಪಟ್ಟಿ ಅಂತ 10 ಪ್ರಶ್ನೆಗಳದ್ದು ಒಂದಿದೆ, 1987ರಿಂದ ಬಳಕೆಯಲ್ಲಿದೆ, ಮಗು ಕಳೆದುಕೊಂಡವರಿಗೂ ಕೇಳ್ತಾರೆ. ಹತ್ತನೇ ಪ್ರಶ್ನೆ ತನಗೆ ತಾನೇ ಹಾನಿ ಮಾಡಿಕೊಳ್ಳೋ ಯೋಚನೆ ಬಗ್ಗೆ. ಅದಕ್ಕೆ ಉತ್ತರ "ಇಲ್ಲವೇ ಇಲ್ಲ" ಅನ್ನೋದು ಬಿಟ್ಟು ಬೇರೆ ಏನೇ ಇದ್ದರೂ, ಒಟ್ಟು ಅಂಕ ಎಷ್ಟೇ ಬರಲಿ, ಅವತ್ತೇ ಡಾಕ್ಟರ್ ಹತ್ತಿರ ಮಾತಾಡಿ.

ಮಣ್ಣುಕೈ ಅವರು ಹೇಳಿದ್ದಕ್ಕೆ ಒಂದು ಅಂಕಿ ಸೇರಿಸ್ತೀನಿ, ಬೇಕಿದ್ರೆ ಇಟ್ಟುಕೊಳ್ಳಿ. ತುಂಬು ತಿಂಗಳ ಮಗುವಿನ ತಲೆ ಸುತ್ತಳತೆ 34, 35 ಸೆಂ.ಮೀ. 24 ವಾರಕ್ಕೆ ಸುಮಾರು 22.

ಬರೆಯದವಳು:

ಎಲ್ಲರೂ ಏನೋ ಒಂದು ಮಾಡಿದ್ದೀರಿ. ಏನೂ ಮಾಡದವಳದ್ದೂ ಒಂದು ಮಾತು ಇರಲಿ.

ನಾನು ಮುಂಚೆ ಕವಿತೆ ಬರೀತಿದ್ದೆ. ಅಲ್ಲಿ ಇಲ್ಲಿ ಅಚ್ಚೂ ಆಗಿದ್ದವು. ಮಗು ಹೋದ ಮೇಲೆ ಎಲ್ಲರೂ ಕಾಯ್ತಾ ಇದ್ದ ಹಾಗಿತ್ತು, ಈಗ ಬರೀತಾಳೆ ನೋಡಿ ಅಂತ. ಒಬ್ಬರು ಬಾಯಿಬಿಟ್ಟು ಹೇಳಿದರು, "ನಿಮಗೆ ವಸ್ತು ಸಿಕ್ಕಿತು" ಅಂತ. ವಸ್ತು! ಒಂದೂವರೆ ವರ್ಷ ಆಯ್ತು, ಒಂದು ಸಾಲೂ ಬರೆದಿಲ್ಲ. ಬರದೇ ಅಲ್ಲ. ಚೆನ್ನಾಗಿ ಬಂದುಬಿಟ್ಟರೆ ಅಂತ ಭಯ. ಯಾವ ಪದ ಎಲ್ಲಿ ಮುರಿಯಬೇಕು ಅಂತ ಅವನ ಸಾವಿನ ಮೇಲೆ ಕೂತು ಯೋಚಿಸೋಕೆ ನನ್ನಿಂದಾಗಲ್ಲ.

ಈ ಅವಧಿಯಲ್ಲಿ ನಾಲ್ಕು ಜನ ನನಗೆ ಮೆಕ್ಸಿಕೋದ ಕಲಾವಿದೆ ಫ್ರೀಡಾ ಕಾಹ್ಲೋ ಬಿಡಿಸಿದ ಒಂದು ಚಿತ್ರ ಕಳಿಸಿದ್ದಾರೆ. 1932ರಲ್ಲಿ ಡೆಟ್ರಾಯಿಟ್‌ನಲ್ಲಿ ಗರ್ಭಪಾತ ಆದಮೇಲೆ ತಗಡಿನ ಮೇಲೆ ಬಿಡಿಸಿದ್ದು. ಬಯಲಲ್ಲಿ ಒಂದು ಮಂಚ, ರಕ್ತದ ಹಾಸಿಗೆ, ಅವಳ ಕೈಯಿಂದ ಹೊರಟ ಆರು ಕೆಂಪು ದಾರ, ಒಂದೊಂದರ ತುದಿಗೆ ಒಂದೊಂದು. ನೋವನ್ನ ಕಲೆಯಾಗಿಸಿದಳು ನೋಡು ಅಂತ ಬರೆದು ಕಳಿಸ್ತಾರೆ. ನನಗೆ ಆ ಚಿತ್ರದಲ್ಲಿ ಇಷ್ಟವಾದದ್ದು ಒಂದೇ, ಒಂದು ದಾರದ ತುದಿಯಲ್ಲಿರೋ ಬಸವನಹುಳು. ಅದೆಲ್ಲ ಎಷ್ಟು ನಿಧಾನವಾಗಿ ಆಯ್ತು ಅನ್ನೋದಕ್ಕೆ ಆ ಹುಳು ಅಂತ ಅವಳೇ ಹೇಳಿದ್ದಳಂತೆ. ಅರ್ಥಕ್ಕಿಂತ ಅದು ನಿಜ.

ಅರ್ಧಕುಲಾವಿ ಅವರೇ, ಬಿಚ್ಚೋದಾದರೂ ಬಿಚ್ಚಿ. ಬಿಚ್ಚಿದ್ರೆ ಅವಳು ಇರಲಿಲ್ಲ ಅಂದ ಹಾಗೆ ಅಂದ್ರಿ. ಬಿಚ್ಚಿದ ಉಲ್ಲನ್ ನೋಡಿದ್ದೀರಲ್ಲ? ನೇರ ಆಗಲ್ಲ. ಒಂದೊಂದು ಕುಣಿಕೆ ಇದ್ದ ಜಾಗದಲ್ಲೂ ಸುರುಳಿ ಹಾಗೇ ನಿಂತಿರುತ್ತೆ. ನೀರಲ್ಲಿ ನೆನೆಸಿ, ಭಾರ ಕಟ್ಟಿ ನೇತುಹಾಕಿದ್ರೆ ಮಾತ್ರ ಹೋಗೋದು. ನೆನೆಸಬೇಕು ಅಂತ ಏನೂ ಇಲ್ಲವಲ್ಲ.

ಗುನುಗಿದ್ದಕ್ಕೆ ಕೆನ್ನೆಗೆ ಹೊಡೆಸಿಕೊಂಡದ್ದು ಓದಿ ಹೊಟ್ಟೆ ಉರೀತು. ನಾನೂ ಒಂದಿನ ಜೋರಾಗಿ ನಕ್ಕು, ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಿದ್ದೆ.

ಅರ್ಧಕುಲಾವಿ (ಮೂರು ವಾರದ ಮೇಲೆ):

ಎಲ್ಲರಿಗೂ ಉತ್ತರ ಕೊಡೋಕೆ ತಡ ಆಯ್ತು. ಮಣ್ಣುಕೈ ಅಕ್ಕ, ನಿಮ್ಮ "ಯಾರ ತಲೆಗೆ" ಓದಿ ಎರಡು ದಿನ ನಿಮ್ಮ ಮೇಲೆ ನಿಜವಾಗಿ ಸಿಟ್ಟಿತ್ತು. ಮೂರನೇ ದಿನ ಚೀಟಿ ತೆಗೆದು ನೋಡಿದೆ. ಈ ಏಳು ತಿಂಗಳಲ್ಲಿ ನನ್ನ ತಲೆಯೊಳಗೆ ಅವಳು ಬೆಳೀತಾನೇ ಇದ್ದಳು. ಈಗ ಇಷ್ಟಾಗಿರ್ತಿದ್ದಳು, ಈಗ ಕತ್ತು ನಿಲ್ತಿತ್ತು ಅಂತ. ಹುಟ್ಟಿದಾಗ ಎಷ್ಟಿದ್ದಳೋ ಅದೇ ಮರೆತುಹೋಗ್ತಿತ್ತು ನನಗೆ.

ಬಿಚ್ಚಿದೆ. 21 ಸಾಲು, ಹತ್ತು ನಿಮಿಷ ಹಿಡೀಲಿಲ್ಲ. ಇವರು ಎದುರಿಗೆ ಕೂತು ಎರಡೂ ಕೈ ಮುಂದೆ ಚಾಚಿದರು, ದಾರ ಅವರ ಕೈಗೇ ಸುತ್ತಿದೆ. ಬರೆಯದವಳು ಅವರು ಹೇಳಿದ ಹಾಗೆ ಪೂರ್ತಿ ಗುಂಗುರು. ನೆನೆಸಲಿಲ್ಲ.

ನನ್ನ ಕೈಗೆ 22 ಕುಣಿಕೆಗೆ 10 ಸೆಂ.ಮೀ. ಬರುತ್ತೆ. 22 ಸೆಂ.ಮೀ.ಗೆ 48 ಆಗಬೇಕು, ಹಿಗ್ಗೋದಕ್ಕೆ ಬಿಟ್ಟು 44 ಹಾಕಿದೆ. ಗುಂಗುರು ದಾರದಲ್ಲಿ ಹೆಣಿಗೆ ಒಂದೇ ಸಮ ಬರಲ್ಲ, ಅಲ್ಲಲ್ಲಿ ಉಬ್ಬಿಕೊಂಡಿದೆ. ಈ ಸಲ ಗುನುಗಿದೆನೋ ಇಲ್ಲವೋ ಗಮನಿಸಲಿಲ್ಲ. ಮೊನ್ನೆ ರಾತ್ರಿ ಅಳತೆ ನೋಡೋಕೆ ಅಂತ ಕಡ್ಡಿ ಸಮೇತ ನನ್ನ ಮುಷ್ಟಿಗೆ ಹಾಕಿಕೊಂಡೆ. ಸರಿಯಾಗಿ ಕೂತಿತು. ಎಷ್ಟೋ ಹೊತ್ತು ತೆಗೀಲಿಲ್ಲ. ಆಮೇಲೆ ಇವರು ಕೇಳಿ ತಗೊಂಡು ತಮ್ಮ ಮುಷ್ಟಿಗೆ ಹಾಕೋಕೆ ನೋಡಿದರು, ಆಗಲಿಲ್ಲ, ಮೂರು ಬೆರಳಿಗೆ ಹಾಕಿಕೊಂಡು ಕೂತರು.

ನೆತ್ತಿ ಇನ್ನೂ ಮುಚ್ಚಿಲ್ಲ. ಇಳಿಸಿಕೊಂಡು ಬಂದು 8 ಕುಣಿಕೆ ಉಳಿದಿವೆ. ಅವನ್ನ ಸೇರಿಸಿ ದಾರ ಎಳೆದರೆ ಆಯ್ತು, ಒಂದು ನಿಮಿಷದ ಕೆಲಸ. ಕಡ್ಡಿ ಮೇಲೇ ಇದೆ, ಇರಲಿ.

ಅಕ್ಕ, ಒಂದು ಕೇಳಬೇಕಿತ್ತು. ಆ 2 ಕಿಲೋ 690ರ ಪಾತ್ರೆಯಲ್ಲಿ ಏನಿಟ್ಟಿದ್ದೀರಿ?

ಮಣ್ಣುಕೈ:

ಏನೂ ಇಟ್ಟಿಲ್ಲ ಕಣೇ. ಕಿಟಕಿ ಪಕ್ಕ ಇದೆ, ಧೂಳು ಕೂರುತ್ತೆ. ಎತ್ತಿ ಮಡಿಲಲ್ಲಿ ಇಟ್ಟುಕೊಂಡು ಒರೆಸ್ತೀನಿ, ಶನಿವಾರ ಶನಿವಾರ.